ಎರಡು ವರ್ಷವೂ ಬದುಕೇ

ಆತ್ಮೀಯರೇ,

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಗೇ ಆಗಲಿ. ನಿಮ್ಮ ದೀರ್ಘ ಪತ್ರವನ್ನು ಇಡಿಯಾಗಿ ಅಚ್ಚುಹಾಕಲು ಸ್ಥಳ ಸಾಲದು. ಆದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇನೆ.

ನಾಲ್ವರು ವಿದ್ಯಾರ್ಥಿಗಳು ಸೇರಿ ಕಾಲೇಜಿಗೆ ಹತ್ತಿರದ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿರಿ. ಒಂದೇ ಕರಾರುಪತ್ರಕ್ಕೆ ನಾಲ್ವರೂ ಸಹಿ ಹಾಕಿದಿರಿ. ನಿಮ್ಮ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಚಿಕ್ಕ ಕೋಣೆ, ಬಾಡಿಗೆ ಮಾತ್ರ ಸಮಪಾಲು. ಆ ಕೋಣೆಯ ಗೋಡೆಗೆ ಕರಿ ಬೂಷ್ಟು ಹಿಡಿದಿದೆ. ಮನೆ ಮಾಲೀಕರು ತಮ್ಮ ಬಳಿಯ ಬೀಗದ ಕೈಯಿಂದ ಹೇಳದೆ ಕೇಳದೆ ಒಳಗೆ ಬರುತ್ತಾರೆ. ನಾಲ್ವರಲ್ಲಿ ಒಬ್ಬರು ಮನೆಯ ಕಷ್ಟದಿಂದಾಗಿ ವರ್ಷದ ನಡುವೆ ಬಿಟ್ಟುಹೋದರು, ಅವರ ಪಾಲನ್ನು ಉಳಿದ ಮೂವರೇ ಕೊಡಬೇಕೆಂದು ಮಾಲೀಕರು ಪಟ್ಟು ಹಿಡಿದಿದ್ದಾರೆ. ಪಾತ್ರೆ ತೊಳೆಯುವವರು, ಕಸ ಹಾಕುವವರು ನೀವೊಬ್ಬರೇ ಎಂಬ ಬೇಸರ ಬೇರೆ. ಊರಿಗೆ ಫೋನ್ ಮಾಡಿ ಹೇಳಿಕೊಂಡರೆ, ‘ಎರಡು ವರ್ಷ ತಾನೇ, ಹೇಗೋ ಕಳೆದುಬಿಡು’ ಎಂಬ ಉತ್ತರ ಬರುತ್ತದೆ. ಮುಂದಿನ ವರ್ಷಕ್ಕೂ ಇರುತ್ತೀರೋ ಇಲ್ಲವೋ ಎಂದು ಮಾಲೀಕರು ಈ ತಿಂಗಳೊಳಗೆ ತಿಳಿಯಬೇಕಂತೆ. ಇರಬೇಕೋ ಬಿಡಬೇಕೋ ಎಂಬುದು ನಿಮ್ಮ ಪ್ರಶ್ನೆ.

ಅದಕ್ಕೆ ಉತ್ತರಿಸುವ ಮುಂಚೆ, ನೀವು ನಡುವೆ ಎಲ್ಲೋ ಬರೆದು ಮುಂದೆ ಹೋದ ಒಂದು ಸಾಲಿನ ಬಗ್ಗೆ ಹೇಳಲೇಬೇಕು. ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇದೆ, ತಣ್ಣನೆ ಗಾಳಿ ನುಗ್ಗುತ್ತದೆಂದು ಅಲ್ಲಿನ ಗವಾಕ್ಷಿಗೆ ರಟ್ಟು ಅಂಟಿಸಿದ್ದೇವೆ ಎಂದಿದ್ದೀರಿ. ಪತ್ರಿಕೆ ಕೈಗೆ ಬರುವವರೆಗೆ ಕಾಯುವುದು ಬೇಡವೆಂದು ಇದನ್ನು ನಿಮಗೆ ಆಗಲೇ ಫೋನ್ ಮಾಡಿ ತಿಳಿಸಿದ್ದೇವೆ. ಇಂಥದೇ ಮನೆಗಳಲ್ಲಿರುವ ಉಳಿದವರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಗಾಳಿ ಸಾಲದ ಜಾಗದಲ್ಲಿ ಗ್ಯಾಸ್ ಉರಿದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಿರುವಾಗಲೇ ದೇಹಕ್ಕೆ ಉಸಿರು ಸಿಗದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಸೂಚನೆಗಳು. ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಅದು ತಾನಾಗಿ ಇಳಿದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸ್ನಾನದ ಮನೆಯೊಳಗೇ ಉರಿದು, ಹೊಗೆಯನ್ನು ಹೊರಗೊಯ್ಯುವ ಕೊಳವೆಯಿಲ್ಲದ ಗೀಸರನ್ನು ಬಳಸಲೇಬೇಡಿ. ಅದನ್ನು ಹೊರಗಡೆಗೆ ಹಾಕಿಸುವುದೋ ಬದಲಿಸುವುದೋ ಮಾಲೀಕರ ಕೆಲಸ. ಅವರು ಮಾಡುವವರೆಗೆ ನೀರು ಕಾಯಿಸಿಕೊಳ್ಳಲು ಬೇರೆ ದಾರಿ ನೋಡಿಕೊಳ್ಳಿ.

ಇನ್ನು ‘ಎರಡು ವರ್ಷ ತಾನೇ’ ಎನ್ನುವವರ ವಿಷಯ. ನಿಮ್ಮ ಹಿರಿಯರು ಇದನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇದೇ ಮಾತನ್ನು ಮಾಲೀಕರೂ ಮನಸ್ಸಿನಲ್ಲಿ ಆಡಿಕೊಳ್ಳುತ್ತಾರೆ: ಹೇಗೂ ಎರಡು ವರ್ಷಕ್ಕೆ ಹೋಗುವವರು, ಇವರಿಗಾಗಿ ಗೋಡೆ ರಿಪೇರಿ ಯಾಕೆ? ನಿಮ್ಮ ಜೊತೆಯವರೂ ಹಾಗೇ: ಹೇಗೂ ಬಿಟ್ಟುಹೋಗುವ ಮನೆ, ಒಲೆ ಒರೆಸುವುದು ಯಾಕೆ? ಹೀಗೆ ಎಲ್ಲರೂ ಬಸ್ ನಿಲ್ದಾಣದಂತೆ ಬಳಸುವ ಮನೆಯಲ್ಲಿ ನೀವು ಪ್ರತಿ ರಾತ್ರಿ ಮಲಗಬೇಕು, ಪರೀಕ್ಷೆಗೆ ಓದಬೇಕು, ಜ್ವರ ಬಂದರೆ ಬಿದ್ದುಕೊಳ್ಳಬೇಕು. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಚಿಕ್ಕದಲ್ಲ. ಸಹಿಸಿಕೊಳ್ಳುವುದನ್ನು ಕಲಿಸುವ ಮನೆಗಿಂತ, ಬಾಯಿ ಬಿಟ್ಟು ಕೇಳುವುದನ್ನು ಕಲಿಸುವ ಮನೆ ನಿಮಗೆ ಸಿಗಲಿ ಎಂಬುದು ನನ್ನ ಆಸೆ. ಇದೇ ಮನೆಯನ್ನು ಹಾಗೆ ಮಾಡಿಕೊಳ್ಳಬಹುದು ಎಂದೂ ನನಗೆ ತೋರುತ್ತದೆ.

ಬೂಷ್ಟಿನಿಂದ ಶುರು ಮಾಡೋಣ. ಏಕೆಂದರೆ ಬಾಡಿಗೆ ಮನೆಯಲ್ಲಿರುವ ವಿದ್ಯಾರ್ಥಿಗಳನ್ನು ಸುಲಭವಾಗಿ ತಪ್ಪಿತಸ್ಥರನ್ನಾಗಿ ಮಾಡುವುದು ಈ ವಿಷಯದಲ್ಲೇ. ‘ಕಿಟಕಿ ತೆರೆದಿಡಿ’ ಎಂದು ಮಾಲೀಕರು ಹೇಳಿದ್ದು ಅರ್ಧ ನಿಜ. ಅಡುಗೆ, ಸ್ನಾನ, ಒಳಗೆ ಹರವಿದ ಒದ್ದೆ ಬಟ್ಟೆ, ನಾಲ್ಕು ಜನರ ಉಸಿರು ಎಲ್ಲವೂ ಗಾಳಿಗೆ ತೇವ ಸೇರಿಸುತ್ತವೆ. ಆ ಗಾಳಿ ತಣ್ಣನೆಯ ಹೊರಗೋಡೆಗೆ ತಾಗಿದಲ್ಲಿ ನೀರಾಗುತ್ತದೆ, ನೀರು ನಿಂತಲ್ಲಿ ಬೂಷ್ಟು ಬೆಳೆಯುತ್ತದೆ. ಕೋಣೆಯ ಮೇಲ್ಮೂಲೆಗಳಲ್ಲಿ, ಕಿಟಕಿಯ ಚೌಕಟ್ಟಿನ ಸುತ್ತ, ಗೋಡೆಗೆ ಒತ್ತಿನಿಂತ ಬೀರುವಿನ ಹಿಂದೆ ಕಾಣಿಸುವುದು ಸಾಮಾನ್ಯವಾಗಿ ಈ ಜಾತಿಯದು. ಇದಕ್ಕೆ ಬೀರುವನ್ನು ಗೇಣುದ್ದ ಮುಂದೆ ಎಳೆಯುವುದು, ಅಡುಗೆಯಾಗುವಾಗ ಬಾಗಿಲು ಮುಚ್ಚಿ ಕಿಟಕಿ ತೆರೆಯುವುದು, ಬಟ್ಟೆಯನ್ನು ಹೊರಗೆ ಒಣಗಿಸುವುದು ಎಷ್ಟೋ ಸಹಾಯ ಮಾಡುತ್ತವೆ. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಹಬ್ಬುವುದು ಕಷ್ಟ. ಅದನ್ನು ಅಳೆಯುವ ಪುಟ್ಟ ಉಪಕರಣ ದುಬಾರಿಯದೇನಲ್ಲ.

ಆದರೆ ನೀವು ವರ್ಣಿಸಿರುವ ಕಲೆ ಬೇರೆ ಥರದ್ದು. ನೆಲದಿಂದ ಮೇಲಕ್ಕೆ ಸೊಂಟದ ಮಟ್ಟದವರೆಗೆ ಏರಿದೆ, ಅಂಚಿನಲ್ಲಿ ಬಿಳಿ ಉಪ್ಪಿನಂಥ ಪುಡಿ ಕಟ್ಟಿದೆ, ಮಳೆ ಬಂದ ಮರುದಿನ ಗಾಢವಾಗುತ್ತದೆ ಎಂದು ಬರೆದಿದ್ದೀರಿ. ಇಂಥ ಕಲೆ ನೆಲದ ತೇವವನ್ನು ಗೋಡೆ ಹೀರುತ್ತಿರುವುದರಿಂದಲೋ ಹೊರಗಡೆಯ ಬಿರುಕಿನಿಂದಲೋ ಬರುವಂಥದು. ಇಡೀ ದಿನ ಕಿಟಕಿ ತೆರೆದು ಕೂತರೂ ಅದು ಹೋಗದು. ಮೇಲೆ ಬಣ್ಣ ಬಳಿದರೂ ಹೋಗದು, ಕೆಲವು ವಾರಗಳಲ್ಲಿ ಬಣ್ಣವನ್ನೇ ಉಬ್ಬಿಸಿಕೊಂಡು ಮತ್ತೆ ಹೊರಬರುತ್ತದೆ. ಕಟ್ಟಡದ ದೋಷ ಸರಿಪಡಿಸುವುದು ಬಾಡಿಗೆದಾರರ ಹೊಣೆಯಲ್ಲ. ಮಳೆಗೆ ಮುಂಚಿನದು ಒಂದು, ಮಳೆಯ ಮರುದಿನದ್ದು ಒಂದು ಫೋಟೋ ತೆಗೆದು, ದಿನಾಂಕ ನಮೂದಿಸಿ, ಮೂವರ ಹೆಸರಿನಲ್ಲಿ ಮಾಲೀಕರಿಗೆ ಬರೆದು ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಠೇವಣಿ ಹಿಂದಿರುಗಿಸುವ ದಿನ ಯಾರಿಗೂ ನೆನಪಿರುವುದಿಲ್ಲ. ಅಂದು ನಿಮ್ಮ ಕೈಯಲ್ಲಿ ಕಾಗದವಿಲ್ಲದಿದ್ದರೆ ಗೋಡೆ ಹಾಳುಮಾಡಿದವರು ನೀವೇ ಆಗುತ್ತೀರಿ. ಹೊಸ ಮನೆಗೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ: ಸಾಮಾನು ಇಳಿಸುವ ಮುನ್ನ ಖಾಲಿ ಮನೆಯ ಪ್ರತಿ ಗೋಡೆ, ನಲ್ಲಿ, ಸ್ವಿಚ್ಚು, ವಿದ್ಯುತ್ ಮೀಟರಿನ ಅಂಕಿ ಫೋಟೋದಲ್ಲಿರಲಿ, ಅದೇ ದಿನ ಅವು ಮಾಲೀಕರಿಗೆ ತಲುಪಿರಲಿ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೂ ನಾವು ಕೆಡಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಆ ಚಿತ್ರಗಳೇ ತೋರಿಸುತ್ತವೆ.

ಮಾಲೀಕರು ಬೀಗ ತೆಗೆದು ಒಳಬರುವ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಬಾಡಿಗೆ ಕೊಟ್ಟ ಮೇಲೆ ಆ ಮನೆಯ ಏಕಾಂತ ಬಾಡಿಗೆದಾರರದು. ಬೆಂಕಿ, ನೀರಿನ ಪೈಪು ಒಡೆಯುವುದು ಇಂಥ ತುರ್ತು ಬಿಟ್ಟರೆ ಮುಂಚಿತವಾಗಿ ತಿಳಿಸಿಯೇ ಬರಬೇಕೆಂದು ಅನೇಕ ದೇಶಗಳ ಕಾನೂನು ಹೇಳುತ್ತದೆ, ಕೆಲವೆಡೆ ಕನಿಷ್ಠ 24 ಗಂಟೆ ಎಂದೇ ಬರೆದಿದೆ. ‘ಮಕ್ಕಳು ತಾನೇ, ನೋಡಿಕೊಂಡು ಹೋಗಲು ಬಂದೆ’ ಎಂದು ಅವರು ಹೇಳಿದ್ದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಮಲಗಿದ್ದ ನಿಮ್ಮ ಗೆಳತಿ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹೊರಗಿನವರು ನಿಂತಿದ್ದರೆ, ಅವರು ಒಳ್ಳೆಯವರೋ ಕೆಟ್ಟವರೋ ಎಂಬುದು ಆಮೇಲಿನ ಮಾತು. ಕೋಣೆಗೆ ಒಳಚಿಲಕ ಇರಲಿ, ಮತ್ತು ಇದನ್ನೂ ಬರೆದೇ ತಿಳಿಸಿ.

ಒಬ್ಬೊಬ್ಬರೇ ಹೋಗಿ ಮಾಲೀಕರ ಮುಂದೆ ನಿಲ್ಲಬೇಡಿ. ವಿದ್ಯಾರ್ಥಿಗಳಿಗೂ ಮನೆ ಕೊಡುವವರಿಗೂ ನಡುವಿನ ಈ ಜಗ್ಗಾಟಕ್ಕೆ ವಿಶ್ವವಿದ್ಯಾಲಯಗಳಷ್ಟೇ ವಯಸ್ಸು. ಒಬ್ಬರಿರುವ ಮನೆಯನ್ನು ಹೆಚ್ಚು ಬಾಡಿಗೆಯ ಆಸೆ ತೋರಿಸಿ ಇನ್ನೊಬ್ಬರು ಕಸಿದುಕೊಳ್ಳಬಾರದೆಂದು ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪೋಪ್ ಮೂರನೇ ಕ್ಲೆಮೆಂಟ್ 1189ರಲ್ಲಿ ಕಟ್ಟಪ್ಪಣೆ ಮಾಡಬೇಕಾಯಿತು. ಆಕ್ಸ್‌ಫರ್ಡ್‌ನಲ್ಲಿ 1209ರಲ್ಲಿ ಊರವರು ವಿದ್ಯಾರ್ಥಿಗಳನ್ನು ನೇಣಿಗೇರಿಸಿದ ಮೇಲೆ ಅಲ್ಲಿನವರು ಚದುರಿಹೋದರು, ಕೆಲವರು ಕೇಂಬ್ರಿಜ್ ಸೇರಿದರು. ಐದು ವರ್ಷದ ನಂತರ, 1214ರಲ್ಲಿ ರಾಜಿಯಾದಾಗ ಊರಿನ ಮೇಲೆ ಹೇರಿದ ಷರತ್ತುಗಳಲ್ಲಿ ಒಂದು, ವಿದ್ಯಾರ್ಥಿಗಳ ವಸತಿಯ ಬಾಡಿಗೆಯನ್ನು ಹತ್ತು ವರ್ಷ ಅರ್ಧಕ್ಕಿಳಿಸಬೇಕು ಎಂಬುದು. ವಿದ್ಯಾರ್ಥಿಗಳ ಬಾಡಿಗೆ ಯಾವತ್ತಾದರೂ ಇಳಿದಿದ್ದರೆ ಹೀಗೆ ಎಲ್ಲರೂ ಒಟ್ಟಾಗಿ ನಿಂತಾಗಲೇ. ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಹಿತ ನೋಡಿಕೊಳ್ಳುವ ಕಚೇರಿಯಿದ್ದರೆ ನಿಮ್ಮ ಪತ್ರದ ಒಂದು ಪ್ರತಿ ಅಲ್ಲಿಗೂ ಹೋಗಲಿ. ಅದೇ ಮಾಲೀಕರ ಬೇರೆ ಬಾಡಿಗೆದಾರರನ್ನೂ ಮಾತನಾಡಿಸಿ.

ಬಿಟ್ಟುಹೋದ ಗೆಳತಿಯ ಪಾಲಿನ ಬಗ್ಗೆ ನಿಮಗೆ ಇಷ್ಟವಾಗದ ಉತ್ತರ ಕೊಡಬೇಕಾಗಿದೆ. ಒಂದೇ ಕರಾರಿಗೆ ಎಲ್ಲರೂ ಒಟ್ಟಿಗೆ ಸಹಿ ಹಾಕಿದರೆ ಸಾಮಾನ್ಯವಾಗಿ ಪ್ರತಿಯೊಬ್ಬರೂ ಇಡೀ ಬಾಡಿಗೆಗೆ ಜವಾಬ್ದಾರರು, ತಮ್ಮ ಕಾಲು ಭಾಗಕ್ಕೆ ಮಾತ್ರ ಅಲ್ಲ. ಮಾಲೀಕರು ಕೇಳುತ್ತಿರುವುದು ಈ ಲೆಕ್ಕದಲ್ಲಿ. ಕೋಣೆಗೊಂದರಂತೆ ಬೇರೆ ಬೇರೆ ಕರಾರು ಮಾಡಿಕೊಂಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಈಗ ಉಳಿದ ದಾರಿ, ಮಾಲೀಕರ ಲಿಖಿತ ಒಪ್ಪಿಗೆಯೊಂದಿಗೆ ಬೇರೊಬ್ಬರನ್ನು ಕರೆತಂದು, ಹಳೆಯ ಹೆಸರು ತೆಗೆದು ಹೊಸ ಹೆಸರು ಸೇರಿಸುವುದು. ಅಲ್ಲಿಯವರೆಗಿನ ತಿಂಗಳುಗಳಿಗೆ ಆಕೆಯೊಂದಿಗೆ ಮಾತನಾಡಿ. ಠೇವಣಿಯಲ್ಲಿ ಆಕೆಯ ಪಾಲೂ ಇದೆಯಲ್ಲ, ಅದರಿಂದ ಎಷ್ಟು ಮುರಿದುಕೊಳ್ಳಬಹುದೆಂದು ಆಕೆಯನ್ನೇ ಕೇಳಿ. ಆದರೆ ಕಷ್ಟದಲ್ಲಿರುವ ಹುಡುಗಿಯ ಮೇಲೆ ಮೂವರೂ ಸೇರಿ ಮುನಿಸು ಕಟ್ಟಿಕೊಳ್ಳಬೇಡಿ. ಅಪ್ಪ ಹಾಸಿಗೆ ಹಿಡಿದಾಗ ಹೊರಟುಹೋಗುವುದು ವಂಚನೆಯಲ್ಲ.

ಚಿಕ್ಕ ಕೋಣೆಗೂ ಸಮಬಾಡಿಗೆ ಎಂಬ ನಿಮ್ಮ ದೂರು ನ್ಯಾಯವಾದದ್ದು. ಇದಕ್ಕೆ ಗಣಿತಜ್ಞರೂ ತಲೆಕೆಡಿಸಿಕೊಂಡಿದ್ದಾರೆ ಎಂಬುದು ನಿಮಗೆ ಖುಷಿ ಕೊಡಬಹುದು. ಎಮ್ಯಾನುಯೆಲ್ ಸ್ಪೆರ್ನರ್ 1928ರಲ್ಲಿ ಸಾಧಿಸಿದ ಒಂದು ಪ್ರಮೇಯವನ್ನು ಬಳಸಿ ಫ್ರಾನ್ಸಿಸ್ ಸು 1999ರಲ್ಲಿ ತೋರಿಸಿದ್ದು ಇದು: ಕೆಲವು ಸರಳ ಷರತ್ತುಗಳಿದ್ದರೆ, ಯಾರಿಗೂ ಇನ್ನೊಬ್ಬರ ಕೋಣೆಯ ಮೇಲೆ ಆಸೆಯಾಗದಂತೆ ಬಾಡಿಗೆ ಹಂಚಲು ಸಾಧ್ಯ. ಮನೆಯಲ್ಲಿ ಮಾಡಲು ಇನ್ನೂ ಸುಲಭದ ವಿಧಾನವಿದೆ. ಪ್ರತಿಯೊಬ್ಬರೂ ಒಂದೊಂದು ಚೀಟಿಯಲ್ಲಿ ಯಾವ ಕೋಣೆಗೆ ಎಷ್ಟು ಕೊಡಲು ಸಿದ್ಧ ಎಂದು ಬರೆಯಲಿ, ಎಲ್ಲ ಕೋಣೆಗಳ ಮೊತ್ತ ಕೂಡಿದರೆ ಇಡೀ ಮನೆಯ ಬಾಡಿಗೆ ಬರಬೇಕು. ಒಟ್ಟು ಮೊತ್ತ ಗರಿಷ್ಠವಾಗುವಂತೆ ಕೋಣೆಗಳನ್ನು ಹಂಚಿ. ಹಾಗೆ ಹಂಚಿದಾಗ ಬರುವ ಮೊತ್ತ ಬಾಡಿಗೆಗಿಂತ ಕಡಿಮೆಯಾಗುವುದೇ ಇಲ್ಲ. ಹೆಚ್ಚಾಗಿ ಬಂದದ್ದನ್ನು ಎಲ್ಲರಿಗೂ ಸಮನಾಗಿ ಬಿಟ್ಟುಕೊಡಿ. ಬಿಸಿಲು ಬರುವ ದೊಡ್ಡ ಕೋಣೆ ಬೇಕೆನ್ನುವವರು ಹೆಚ್ಚು ಕೊಡುತ್ತಾರೆ, ಚಿಕ್ಕದು ಸಾಕೆನ್ನುವವರ ಹೊರೆ ಇಳಿಯುತ್ತದೆ.

ಪಾತ್ರೆಯ ಜಗಳಕ್ಕೆ ಬಂದರೆ, ಮೈಕೆಲ್ ರಾಸ್ ಮತ್ತು ಫಿಯೊರೆ ಸಿಕೊಲಿ ಎಂಬ ಮನಃಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೆನಪಾಗುತ್ತದೆ. ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೇಳಿದಾಗ ಇಬ್ಬರ ಉತ್ತರ ಕೂಡಿದರೆ ನೂರಕ್ಕಿಂತ ಹೆಚ್ಚಾಗುತ್ತಿತ್ತು. ತಾನು ಮಾಡಿದ್ದು ಕಣ್ಣಿಗೆ ಕಟ್ಟಿರುತ್ತದೆ, ಬೇರೆಯವರು ಮಾಡಿದ್ದು ಕಂಡೇ ಇರುವುದಿಲ್ಲ. ಇಬ್ಬರಿರುವಲ್ಲೇ ಹೀಗಾದರೆ ನಾಲ್ವರಿರುವಲ್ಲಿ ಹೇಗಿರಬೇಕು! ನೀವು ಹೆಚ್ಚು ಕೆಲಸ ಮಾಡುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ವಿದ್ಯುತ್ ಬಿಲ್ಲು ಕಟ್ಟುವುದು, ಗ್ಯಾಸ್ ತರಿಸುವುದು, ನಲ್ಲಿ ಸೋರಿದಾಗ ಮಾಲೀಕರಿಗೆ ಫೋನ್ ಮಾಡುವುದು ಯಾರು ಎಂದು ಪತ್ರದಲ್ಲಿ ಎಲ್ಲೂ ಇಲ್ಲ, ಅಷ್ಟೇ. ಗೋಡೆಗೆ ಪಟ್ಟಿ ಅಂಟಿಸುವ ಮೊದಲು ಒಂದು ಸಂಜೆ ಮೂವರೂ ಕೂತು ಮನೆಯಲ್ಲಿ ಏನೇನು ಕೆಲಸ ನಡೆಯುತ್ತದೆ ಎಂದು ಬರೆದು ನೋಡಿ.

ನಿಮ್ಮ ಪತ್ರದ ಕೊನೆಯ ಪುಟವನ್ನು ನಾನು ಎರಡು ಸಲ ಓದಿದೆ. ಜ್ವರ ಬಂದ ರಾತ್ರಿ ಪಕ್ಕದ ಕೋಣೆಯವಳು, ಅದೇ ಪಾತ್ರೆ ತೊಳೆಯದವಳು, ತನ್ನ ಪುಸ್ತಕ ತಂದು ನಿಮ್ಮ ಹಾಸಿಗೆಯ ಪಕ್ಕ ಕೂತು ಬೆಳಗಿನವರೆಗೆ ಓದಿದಳು ಎಂದು ಬರೆದಿದ್ದೀರಿ. ತೆಳುಗೋಡೆಯಾಚೆ ಅವಳು ತಾಯಿಯೊಂದಿಗೆ ದನಿ ತಗ್ಗಿಸಿ ಮಾತನಾಡುವುದು ಕೇಳಿಸಿದರೆ ನೀವು ಬೇಕೆಂದೇ ರೇಡಿಯೋ ಹಚ್ಚುತ್ತೀರಂತೆ, ಅವಳಿಗೆ ಮುಜುಗರವಾಗದಿರಲಿ ಎಂದು. ಯಾರ ಬಾಗಿಲು ಮುಚ್ಚಿದ್ದರೆ ತಟ್ಟಬಹುದು, ಯಾರದು ಮುಚ್ಚಿದ್ದರೆ ತಟ್ಟಬಾರದು ಎಂದು ನಿಮಗೀಗ ಗೊತ್ತು. ಇದನ್ನು ನಿಮಗೆ ಯಾರೂ ಕಲಿಸಲಿಲ್ಲ. ಬೂಷ್ಟು ಹಿಡಿದ, ಹೇಳದೆ ಬೀಗ ತೆರೆಯುವ ಮಾಲೀಕರಿರುವ ಇದೇ ಮನೆಯಲ್ಲಿ ಕಲಿತದ್ದು. ಹಾಗೆಂದು ಬೂಷ್ಟನ್ನು ಕ್ಷಮಿಸಬೇಕಾಗಿಲ್ಲ. ಇಷ್ಟು ಒಳ್ಳೆಯದನ್ನು ಕಟ್ಟಿಕೊಂಡವರಿಗೆ ಒಣಗಿದ ಗೋಡೆಯಾದರೂ ಸಿಗಬೇಕು ಎನ್ನುವುದು ನನ್ನ ವಾದ.

ಆದ್ದರಿಂದ ಇರಬೇಕೋ ಬಿಡಬೇಕೋ ಎಂಬುದಕ್ಕೆ ನನ್ನ ಸಲಹೆ: ಮೂವರೂ ಒಟ್ಟಿಗೇ ಇರಲು ಮನಸ್ಸಿದ್ದರೆ, ಮಾಲೀಕರಿಗೆ ಈಗಲೇ ಬರೆಯಿರಿ. ಗೀಸರ್ ಮತ್ತು ಕೋಣೆಯ ಗೋಡೆ ಹೊಸ ವರ್ಷದ ಕರಾರಿಗೆ ಮುಂಚೆ ಸರಿಯಾಗಬೇಕು, ತಿಳಿಸದೆ ಒಳಬರುವುದಿಲ್ಲ ಎಂಬ ಮಾತು ಕರಾರಿನಲ್ಲೇ ಸೇರಬೇಕು, ಕರಾರು ಕೋಣೆಗೊಂದರಂತೆ ಬೇರೆಬೇರೆ ಆಗಬೇಕು ಎಂದು ಕೇಳಿ. ಕೊನೆಯದಕ್ಕೆ ಅವರು ಒಪ್ಪದಿದ್ದರೆ, ಯಾರಾದರೂ ನಡುವೆ ಬಿಟ್ಟರೆ ಬದಲಿಯವರನ್ನು ತರಲು ಎಷ್ಟು ಸಮಯ ಎಂಬುದಾದರೂ ಬರೆಸಿಕೊಳ್ಳಿ, ಅಲ್ಲಿ ಸ್ವಲ್ಪ ಬಗ್ಗಬಹುದು. ಗೀಸರಿನ ವಿಷಯದಲ್ಲಿ ಬಗ್ಗಬೇಡಿ. ಅದನ್ನು ಬದಲಿಸಲು ಒಪ್ಪದ ಮಾಲೀಕರ ಮನೆಯಲ್ಲಿ, ಬಾಡಿಗೆ ಎಷ್ಟೇ ಕಡಿಮೆಯಿರಲಿ, ಇನ್ನೊಂದು ವರ್ಷಕ್ಕೆ ಸಹಿ ಹಾಕುವುದು ಬೇಡ. ಬೇರೆ ಮನೆ ಹುಡುಕುವಾಗ ಮಳೆ ನಿಂತ ಮರುದಿನ ಹೋಗಿ ನೋಡಿ, ಬೀರುವಿನ ಹಿಂದೆ ಬಗ್ಗಿ ನೋಡಿ, ಈಗ ಅಲ್ಲಿರುವವರನ್ನು ಮಾಲೀಕರಿಲ್ಲದ ಹೊತ್ತಿನಲ್ಲಿ ಮಾತನಾಡಿಸಿ. ಮಾಲೀಕರಿಗೆ ಕಳಿಸುವ ಪತ್ರದ ಕರಡನ್ನು ನಮಗೆ ಕಳಿಸಿದರೆ, ಓದಿ ತಿದ್ದಿ ವಾರದೊಳಗೆ ಹಿಂದಿರುಗಿಸುತ್ತೇವೆ.

— ಸಂಪಾದಕ