ಹೊಟ್ಟೆ ಕೆಟ್ಟಾಗ ಚೀನಾದವರು ಬಿಸಿ ಗಂಜಿಯನ್ನೇ ಯಾಕೆ ಕುಡಿಯುತ್ತಾರೆ?

ಹೊಟ್ಟೆಗೆ ಕೆಲಸ ಕಡಿಮೆಯಾಗಲಿ ಅಂತ. ಚೀನಾದ ಹಳೆಯ ವೈದ್ಯದಲ್ಲಿ ಹೊಟ್ಟೆ ಅಂದರೆ ಒಲೆಯ ಮೇಲಿಟ್ಟ ಪಾತ್ರೆ. ಒಳಗಿನ ಜೀರ್ಣಶಕ್ತಿಯೇ ಬೆಂಕಿ, ಅದು ‘ಪಿ’ ಅಂದರೆ ಗುಲ್ಮದಿಂದ ಬರುತ್ತದೆ ಎನ್ನುತ್ತಾರೆ. ತಣ್ಣೀರು, ಹಸಿ ತರಕಾರಿ ಜಾಸ್ತಿಯಾದರೆ ಆ ಬೆಂಕಿ ಮಂಕಾಗಿ ಹೊಟ್ಟೆಯುಬ್ಬರ, ಭೇದಿ, ಸುಸ್ತು ಬರುತ್ತದೆ ಅನ್ನುವುದು ಅವರ ಲೆಕ್ಕ. ಅದಕ್ಕೇ ಒಂದು ಲೋಟ ಅಕ್ಕಿಗೆ 8-10 ಲೋಟ ನೀರು ಹಾಕಿ, ಕಾಳು ಒಡೆದು ಕರಗುವ ತನಕ ಸಣ್ಣ ಉರಿಯಲ್ಲಿ ಕುದಿಸಿ ‘ಝೌ’ ಅನ್ನುವ ಗಂಜಿ ಮಾಡುತ್ತಾರೆ. ಅರ್ಧ ಕೆಲಸ ಒಲೆಯಲ್ಲೇ ಮುಗಿದಿರುತ್ತದೆ ನೋಡಿ! ಬೆಂಕಿಯ ಮಾತು ಬರೀ ಹೋಲಿಕೆ, ಆದರೆ ಚೆನ್ನಾಗಿ ಬೆಂದ ಅಕ್ಕಿಯ ಪಿಷ್ಟ ಬೇಗ ಜೀರ್ಣವಾಗುವುದು ನಿಜ. ಇದೇ ಲೆಕ್ಕದಲ್ಲಿ ಅಲ್ಲಿ ಏಡಿಯನ್ನು ‘ತಂಪು’ ಅಂತ ಎಣಿಸುತ್ತಾರೆ, ಹಾಗಾಗಿ ಏಡಿಯ ಜೊತೆಗೆ ‘ಬಿಸಿ’ ಗುಣದ ಶುಂಠಿ ಇರಲೇಬೇಕು. ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ ಮಾತ್ರ ಸುಮ್ನೆ ಗಂಜಿ ಕುಡಿಯುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.