ಸರ್ವರ್ ಕೀ, ಸಹಿ ಕೀ, ಡಿಎಸ್‌ಸಿ: ಯಾವುದನ್ನು ಎಲ್ಲಿ ಇಡುವುದು?

ನಾಲ್ಕು ಜನರ ಸಾಫ್ಟ್‌ವೇರ್ ಕಂಪನಿ, ಸರ್ವರ್ ಕೀ, ಆ್ಯಪ್‌ನ ಸಹಿ ಕೀ, ಬ್ಯಾಕಪ್ ಕೀ ಎಲ್ಲ ಒಂದೇ ವಾಟ್ಸಾಪ್ ಗ್ರೂಪಿನಲ್ಲಿವೆ, ಡಿಎಸ್‌ಸಿ (ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ ಪ್ರಮಾಣಪತ್ರ) ಲೆಕ್ಕಪತ್ರ ನೋಡುವವರ ಹತ್ತಿರ ಇದೆ, ಇದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ಕೀ ಅಂದರೆ ಕಂಪ್ಯೂಟರ್ ಲೋಕದ ಬೀಗದ ಕೈ, ಗುಟ್ಟಾಗಿ ಇಡಬೇಕಾದದ್ದು. ಆದರೆ ನಿಮಗೆ ಬುದ್ಧಿ ಹೇಳುವಷ್ಟು ಜಾಣ ನಾನೂ ಅಲ್ಲ.

ನನ್ನ ಕೆಲಸ ಪೆರ್ಲದ ಮನೆಯಿಂದಲೇ. 2015ರ ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ಪರ್ವ) ಸಮಯ, ಸಂಜೆ ಸಿಡಿಲು ಫೋನ್ ತಂತಿ ಹಿಡಿದು ಒಳಗೆ ಬಂತು. ಅಪ್ಪ ಟಿವಿಯ ಪ್ಲಗ್ ಎಳೆದಿದ್ದರು, ನನ್ನ ಕೋಣೆ ಅವರಿಗೆ ನೆನಪಾಗಲಿಲ್ಲ. ಮೋಡೆಮ್ ಸುಟ್ಟು ಕರಿಯಾಯಿತು. ಕಂಪ್ಯೂಟರ್ ಹೋಯಿತು, ಅದಕ್ಕೇ ಚುಚ್ಚಿಟ್ಟಿದ್ದ ಬ್ಯಾಕಪ್ ಡಿಸ್ಕೂ ಹೋಯಿತು. ಅಡಕೆ ದರ ತೋರಿಸುವ ನನ್ನ ಆ್ಯಪ್‌ನ ಸಹಿ ಕೀ, ಅಂದರೆ ಆ್ಯಪ್ ನನ್ನದೇ ಅಂತ ತೋರಿಸುವ ಕೀ, ಇದ್ದದ್ದು ಅವೆರಡರಲ್ಲಿ ಮಾತ್ರ. ಸಹಿ ಬೇರೆಯಾದರೆ ಪ್ಲೇ ಸ್ಟೋರ್ ಅಪ್‌ಡೇಟ್ ತೆಗೆದುಕೊಳ್ಳುವುದಿಲ್ಲ. ಹೊಸ ಪ್ಯಾಕೇಜ್ ಹೆಸರಿನಲ್ಲಿ (ಪ್ಲೇ ಸ್ಟೋರ್ ಆ್ಯಪನ್ನು ಗುರುತಿಸುವ ಹೆಸರು) ಮತ್ತೆ ಹಾಕಿ, ಹಳಬರಿಗೆಲ್ಲ ಫೋನ್ ಮಾಡಿ "ಇದನ್ನು ತೆಗೆದು ಅದನ್ನು ಹಾಕಿಕೊಳ್ಳಿ" ಅಂತ ಬೇಡಿಕೊಂಡೆ.

ಅಂದಿನಿಂದ ಯಾವ ಕೀ ಕಂಡರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದು ಹೋದರೆ ಹೊಸದು ಮಾಡಬಹುದಾ?

ಸರ್ವರ್‌ನ ಎಸ್‌ಎಸ್‌ಎಚ್ ಕೀ (ದೂರದ ಸರ್ವರ್ ಒಳಗೆ ಹೋಗಲು ಬಳಸುವುದು) ಮಾಡಬಹುದು. ಹಾಗಾಗಿ ಅದಕ್ಕೆ ಬ್ಯಾಕಪ್ಪೇ ಬೇಡ. ಒಬ್ಬೊಬ್ಬರಿಗೆ, ಒಂದೊಂದು ಲ್ಯಾಪ್‌ಟಾಪಿಗೆ ಬೇರೆ ಬೇರೆ ಕೀ. ಎಡ್‌25519 ಬಗೆಯದು, ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಸಹಿತ. ಕೀ ಹುಟ್ಟುವುದು ಜೋಡಿಯಾಗಿ: ಗುಟ್ಟಿನದು ಖಾಸಗಿ ಕೀ, ಯಾರಿಗೂ ಕೊಡಬಹುದಾದದ್ದು ಸಾರ್ವಜನಿಕ ಕೀ. ಹುಟ್ಟಿದ ಲ್ಯಾಪ್‌ಟಾಪಿನಿಂದ ಖಾಸಗಿ ಕೀ ಹೊರಗೆ ಹೋಗಬಾರದು, ಸಾರ್ವಜನಿಕ ಕೀಯನ್ನಷ್ಟೇ ಸರ್ವರ್‌ಗೆ ಹಾಕುವುದು. ಲ್ಯಾಪ್‌ಟಾಪ್ ಕಳೆದರೆ ಸರ್ವರ್‌ನಲ್ಲಿ ಅದರ ಕೀಯ ಒಂದು ಸಾಲು ಅಳಿಸಿದರೆ ಆಯಿತು. ಎಲ್ಲರಿಗೂ ಒಂದೇ ಕೀ ಇದ್ದರೆ, ಕೆಲಸ ಬಿಟ್ಟು ಹೋದವನ ಕೈಯಲ್ಲಿ ಅದು ಉಳಿದೇ ಉಳಿಯುತ್ತದೆ, ಅಲ್ವಾ?

ಡಿಎಸ್‌ಸಿಯೂ ಹಾಗೆಯೇ. ಟೋಕನ್ ಒಳಗಿನ ಕೀಯನ್ನು ನಕಲು ಮಾಡಲು ಬರುವುದಿಲ್ಲ. ಕಳೆದರೆ ರದ್ದು ಮಾಡಿಸಿ ಹೊಸದು ತೆಗೆದುಕೊಳ್ಳಬೇಕು. ಇಲ್ಲಿನ ತೊಂದರೆ ಬೇರೆ. ಕಾಸರಗೋಡು ಪೇಟೆಯ ಒಂದು ಕಚೇರಿಯ ಡ್ರಾಯರ್‌ನಲ್ಲಿ ಹತ್ತಿಪ್ಪತ್ತು ಟೋಕನ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಒಂದೊಂದರ ಮೇಲೂ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಪಿನ್! ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗೆ. 2000ದ ಐಟಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಖಾಸಗಿ ಕೀ ಕೈತಪ್ಪದಂತೆ ನೋಡಿಕೊಳ್ಳಬೇಕಾದವರು ಅದರ ಯಜಮಾನರೇ. ನಾಳೆಯೇ ಹೋಗಿ ನಿಮ್ಮ ಟೋಕನ್ ತನ್ನಿ.

ಮತ್ತೆ ಮಾಡಲಾಗದವು ಎರಡು. ಆ್ಯಪ್‌ನ ಸಹಿ ಕೀ ವಿಷಯದಲ್ಲಿ ಈಗ ನಿಶ್ಚಿಂತೆ. ಪ್ಲೇ ಆ್ಯಪ್ ಸೈನಿಂಗ್ ಎಂಬ ಗೂಗಲ್ ಸೇವೆಗೆ ಸೇರಿದ್ದರೆ ಅಸಲು ಕೀ ಗೂಗಲ್ ಹತ್ತಿರ ಇರುತ್ತದೆ. ನಿಮ್ಮ ಹತ್ತಿರದ ಅಪ್‌ಲೋಡ್ ಕೀ (ಆ್ಯಪನ್ನು ಗೂಗಲ್‌ಗೆ ಕಳಿಸುವಾಗ ಸಹಿ ಹಾಕುವುದು) ಕಳೆದರೂ ಬದಲಿಸಿ ಕೊಡುತ್ತಾರೆ. ಬ್ಯಾಕಪ್‌ಗೆ ಹಾಕಿದ ಬೀಗ ತೆಗೆಯುವ ಬ್ಯಾಕಪ್ ಕೀ ಹಾಗಲ್ಲ, ಹೋದರೆ ಬ್ಯಾಕಪ್ಪೇ ಹೋಯಿತು. ನಾನು ಅದನ್ನು ಪಾಸ್‌ಫ್ರೇಸ್ ಹಾಕಿ ಎನ್‌ಕ್ರಿಪ್ಟ್ ಮಾಡಿ ಎರಡು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ. ಒಂದು ಮನೆಯಲ್ಲಿ, ಇನ್ನೊಂದು ಪುತ್ತೂರಿನ ಅಕ್ಕನ ಕಪಾಟಿನಲ್ಲಿ. ಒಂದೇ ಸಿಡಿಲು ಎರಡು ಊರಿಗೆ ಬಡಿಯುವುದಿಲ್ಲ. ಪೆನ್‌ಡ್ರೈವ್ ನಂಬಿ ವರ್ಷಗಟ್ಟಲೆ ಕೂರುವಂತಿಲ್ಲ, ಅದಕ್ಕೇ ಪ್ರಿಂಟೂ ತೆಗೆದಿದ್ದೇನೆ. ನಮ್ಮ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಲ್ಯಾಮಿನೇಟ್ ಮಾಡಿಸಿ. ಪಾಸ್‌ಫ್ರೇಸ್ ಅದರ ಜೊತೆಗೇ ಬರೆದಿಡಬೇಡಿ, ಮತ್ತೆ! ವರ್ಷಕ್ಕೊಮ್ಮೆ, ಅಕ್ಕನ ಮನೆಗೆ ಹೋದಾಗ, ಆ ಕೀಯಿಂದ ಒಂದು ಫೈಲ್ ಬಿಚ್ಚಿ ನೋಡುತ್ತೇನೆ. ಭಾವ ನಗುತ್ತಾರೆ, ನಗಲಿ.

ಇನ್ನು ವಾಟ್ಸಾಪ್ ಗ್ರೂಪು. ಮೆಸೇಜ್ ಅಳಿಸಿದರೆ ಸಾಲದು. ನಾಲ್ಕು ಫೋನು, ಅವುಗಳ ಬ್ಯಾಕಪ್ಪು, ಎಲ್ಲಿ ಎಷ್ಟು ಪ್ರತಿ ಉಳಿದಿದೆಯೋ ಯಾರಿಗೆ ಗೊತ್ತು. ಗಿಟ್‌ಗೆ (ಕೋಡ್‌ನ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುವ ಸಾಧನ) ತಪ್ಪಿ ಹಾಕಿದ ಕೀಗೂ ಇದೇ ಮಾತು. ಮುಂದಿನ ಕಮಿಟ್‌ನಲ್ಲಿ (ಉಳಿಸಿದ ಬದಲಾವಣೆ) ತೆಗೆದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಗ್ರೂಪಿಗೆ ಬಂದ ಕೀಗಳೆಲ್ಲ ಬಯಲಾದವು ಅಂತಲೇ ಲೆಕ್ಕ ಹಾಕಿ, ಒಂದೊಂದಾಗಿ ಬದಲಿಸಿ. ಆದರೆ ಹಳೆಯ ಬ್ಯಾಕಪ್ ಕೀಯನ್ನು ಅವಸರದಲ್ಲಿ ಎಸೆಯಬೇಡಿ. ಅದರಲ್ಲಿ ಬೀಗ ಹಾಕಿದ ಬ್ಯಾಕಪ್‌ಗಳು ಇರುವವರೆಗೆ ಅದೂ ಬೇಕು.