ಒಂದೇ ಯೀಸ್ಟ್ ಬ್ರೆಡ್ಡಿಗೂ ಇಂಧನಕ್ಕೂ ಹೇಗೆ ಒದಗುತ್ತದೆ?

ಬ್ರೆಡ್ ಉಬ್ಬಿಸುವ ಯೀಸ್ಟೇ ಇಂಧನದ ಎಥನಾಲನ್ನೂ ಕೊಡುತ್ತದೆ, ಔಷಧಿಗಳನ್ನೂ ಸೂಕ್ಷ್ಮಜೀವಿಗಳಿಂದಲೇ ತೆಗೆಯುತ್ತಾರೆ, ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ ಅಂತ ಕೇಳಿದ್ದೀರಿ. ಯಾವ ಜೀವಿ ಅನ್ನುವುದು ಮುಖ್ಯ, ನಿಜ. ಆದರೆ ಅದಕ್ಕೆ ಸಕ್ಕರೆಯನ್ನು ಎಷ್ಟು ವೇಗದಲ್ಲಿ ಉಣಿಸುತ್ತೀರಿ, ಗಾಳಿ ಎಷ್ಟು ಕೊಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ ಅಂತ ನಾನು ಹೇಳುತ್ತೇನೆ.

ಬೇಕರಿಗೆ ಯೀಸ್ಟ್ ಬೆಳೆಸುವವರಿಗೆ ಬೇಕಾದದ್ದು ಅದರ ಜೀವಕೋಶಗಳು, ಆಲ್ಕೋಹಾಲ್ ಅಲ್ಲ. ಅದಕ್ಕೇ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ತಳದಿಂದ ಜೋರಾಗಿ ಗಾಳಿ ಹಾಯಿಸುತ್ತಾ, ಕಾಕಂಬಿಯನ್ನು ಸಣ್ಣಗೆ ಬಿಡುತ್ತಾ ಹೋಗುತ್ತಾರೆ. ಹೀಗೆ 100 ಗ್ರಾಂ ಸಕ್ಕರೆಗೆ ಸುಮಾರು 50 ಗ್ರಾಂ ಒಣ ಯೀಸ್ಟ್ ಸಿಗುತ್ತದೆ. ಅಷ್ಟೂ ಸಕ್ಕರೆಯನ್ನು ಒಮ್ಮೆಗೇ ಸುರಿದರೆ, ಗಾಳಿ ಧಾರಾಳವಾಗಿದ್ದರೂ ಯೀಸ್ಟ್ ಆಲ್ಕೋಹಾಲ್ ಮಾಡತೊಡಗುತ್ತದೆ. ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮ ಅನ್ನುತ್ತಾರೆ.

ಎಥನಾಲ್ ತೆಗೆಯುವವರಿಗೆ ಬೇಕಾದದ್ದೇ ಇದು. ಗಾಳಿ ನಿಲ್ಲಿಸಿ, pH (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ರಿಂದ 5ರೊಳಗೆ, 32 ಡಿಗ್ರಿ ಸುಮಾರಿನಲ್ಲಿ ಇಡುತ್ತಾರೆ. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಎಥನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್. ಕೈಗೆ ಸಿಗುವುದು ಇದಕ್ಕಿಂತ ಕಡಿಮೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಒಳಹೊಕ್ಕರಂತೂ ಸಕ್ಕರೆಯನ್ನು ಹುಳಿ ಮಾಡಿ ತಿಂದು ಹಾಕುತ್ತವೆ. ಇನ್ನೊಂದು ವಿಷಯ: ಶುರುವಿನಲ್ಲಿ ಸ್ವಲ್ಪವಾದರೂ ಗಾಳಿ ಕೊಡಲೇಬೇಕು. ಕೋಶಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಯೀಸ್ಟ್ ಆಮ್ಲಜನಕವಿಲ್ಲದೆ ಮಾಡಿಕೊಳ್ಳಲಾರದು. ಅದಿಲ್ಲದಿದ್ದರೆ ಆಲ್ಕೋಹಾಲ್ ಏರುತ್ತಿದ್ದಂತೆ ಸೋತು ನಿಲ್ಲುತ್ತದೆ. ಬಟ್ಟಿ ಇಳಿಸಿದರೆ ಎಥನಾಲಿನ ಪ್ರಮಾಣ ತೂಕದಲ್ಲಿ ಶೇ. 95.6ರವರೆಗೆ ಮಾತ್ರ ಏರುತ್ತದೆ. ಉಳಿದ ನೀರನ್ನು ಮಾಲಿಕ್ಯುಲರ್ ಸೀವ್ (ಅತಿ ಸಣ್ಣ ರಂಧ್ರಗಳಲ್ಲಿ ನೀರನ್ನು ಹಿಡಿದುಕೊಳ್ಳುವ ಹರಳು) ಹೀರಬೇಕು.

ಔಷಧಿಯಲ್ಲಿ ಈ ಲೆಕ್ಕ ಇನ್ನೂ ನಾಜೂಕು. 1928ರಲ್ಲಿ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್ ಅನ್ನು ಬೂಷ್ಟು ತಾನು ಬೆಳೆಯುವ ಭರದಲ್ಲಿ ಮಾಡುವುದಿಲ್ಲ, ಬೆಳವಣಿಗೆ ನಿಧಾನವಾದ ಮೇಲೆ ಮಾಡುತ್ತದೆ. ಗ್ಲೂಕೋಸ್ ಸಮೃದ್ಧವಾಗಿದ್ದರೆ ಅದನ್ನು ಮಾಡುವ ಜೀನ್‌ಗಳು ಸುಮ್ಮನಿರುತ್ತವೆ. ಮೊದಮೊದಲು ಬೂಷ್ಟು ನಿಧಾನವಾಗಿ ತಿನ್ನುವ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಬಳಸುತ್ತಿದ್ದರು. ಈಗ ಗ್ಲೂಕೋಸ್‌ ಅನ್ನೇ ಬೂಷ್ಟು ಅರೆಹೊಟ್ಟೆಯಲ್ಲಿರುವಷ್ಟು ಹನಿಸುತ್ತಾರೆ. 25 ಡಿಗ್ರಿ, pH 6.5ರ ಹತ್ತಿರ. ಪೆನಿಸಿಲಿನ್‌ನ ಒಂದು ಬಗೆಯಾದ ಪೆನಿಸಿಲಿನ್ ಜಿ ಬೇಕಿದ್ದರೆ ಫೀನೈಲ್ ಅಸಿಟಿಕ್ ಆಮ್ಲವನ್ನೂ ಜೊತೆಗೆ ಹನಿಸಬೇಕು, ಹೆಚ್ಚಾದರೆ ಬೂಷ್ಟಿಗೇ ವಿಷ.

ಇಲ್ಲಿ ಕಾಡುವುದು ಆಮ್ಲಜನಕ. 25 ಡಿಗ್ರಿಯಲ್ಲಿ ಲೀಟರ್ ನೀರಿಗೆ ಗಾಳಿಯಿಂದ ಕರಗುವುದು 8 ಮಿಲಿಗ್ರಾಂ ಸುಮಾರು. ಬೂಷ್ಟಿನ ಎಳೆಗಳು ಹೆಣೆದುಕೊಂಡು ದ್ರವ ಗಂಜಿಯಂತಾದಾಗ ಅಷ್ಟೂ ಒಳಗೆ ಇಳಿಯುವುದಿಲ್ಲ. ನೊರೆ ತಡೆಯುವ ಎಣ್ಣೆ ಹೆಚ್ಚು ಸುರಿದರೆ ಗಾಳಿಗುಳ್ಳೆಗಳು ಒಂದಕ್ಕೊಂದು ಸೇರಿ ದಪ್ಪಗಾಗಿ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ.

ಇನ್ಸುಲಿನ್ ಮಾಡುವ ಇ. ಕೋಲಿ ಬ್ಯಾಕ್ಟೀರಿಯಾದ್ದೂ ಯೀಸ್ಟಿನಂಥದೇ ಸ್ವಭಾವ. ಅತಿಯಾಗಿ ಗ್ಲೂಕೋಸ್ ಸಿಕ್ಕರೆ ಅಸಿಟೇಟ್ (ವಿನಿಗರ್‌ನ ಆಮ್ಲದ ರೂಪ) ಹೊರಹಾಕಿ ತನ್ನ ಬೆಳವಣಿಗೆಯನ್ನೇ ತಡೆಯುತ್ತದೆ. ಕರಗಿದ ಆಮ್ಲಜನಕದ ಮೀಟರ್ ನೋಡುತ್ತಾ ನಿಂತರೆ ಸಕ್ಕರೆ ಯಾವಾಗ ಮುಗಿಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ: ಸಕ್ಕರೆ ಇರುವಷ್ಟು ಹೊತ್ತು ಗೆರೆ ತಗ್ಗಿನಲ್ಲೇ ಆಡುತ್ತಿರುತ್ತದೆ, ಮುಗಿದ ಕೂಡಲೇ ನೆಟ್ಟಗೆ ಮೇಲೇರುತ್ತದೆ. ಸಕ್ಕರೆಯ ಪಂಪ್ ಶುರು ಮಾಡುವ ಗಳಿಗೆ ಅದು.

ಮೊಸರು ಸುಲಭ, ಸಕ್ಕರೆ ಹಾಲಿನಲ್ಲೇ ಇದೆ. ಹಾಲನ್ನು 85 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, 43ಕ್ಕೆ ಆರಿಸಿ, ಶೇ. 2ರಷ್ಟು ಹೆಪ್ಪು ಹಾಕಿ. pH 4.6ಕ್ಕೆ ಇಳಿದಾಗ ಹಾಲಿನ ಪ್ರೋಟೀನ್ ಕೇಸಿನ್ ಗಟ್ಟಿಯಾಗುತ್ತದೆ, ಆಗ ತಂಪು ಮಾಡಿ. ಎಲ್ಲ ಸರಿಯಿದ್ದೂ ಹೆಪ್ಪಾಗದಿದ್ದರೆ, ಹಸುವಿಗೆ ಕೊಟ್ಟ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದಿರಬಹುದು. ಪೆನಿಸಿಲಿನ್ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ.

ಬಯೋಗ್ಯಾಸ್ ಮಾಡುವವರು ಎಡವುವುದೂ ಹೆಚ್ಚಾಗಿ ಅತಿಯಾಗಿ ಉಣಿಸಿಯೇ. ಆಮ್ಲ ಮಾಡುವ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಆ ಆಮ್ಲವನ್ನು ತಿಂದು ಮೀಥೇನ್ ಮಾಡುವವು ನಿಧಾನ. ಒಮ್ಮೆಗೇ ಅಡುಗೆ ತ್ಯಾಜ್ಯ ತುಂಬಿದರೆ pH 6.5ಕ್ಕಿಂತ ಕೆಳಗಿಳಿದು, ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ಒಲೆ ಹತ್ತುವುದಿಲ್ಲ. ಹಾಗಾದಾಗ ಇನ್ನಷ್ಟು ತುಂಬಬೇಡಿ. ತ್ಯಾಜ್ಯ ಹಾಕುವುದನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪ ಸುಣ್ಣ ಬೆರೆಸಿ pH 7ರ ಹತ್ತಿರ ತನ್ನಿ. ಒಲೆ ಮತ್ತೆ ಸರಿಯಾಗಿ ಉರಿದ ಮೇಲೆ ಮೊದಲಿನ ಕಾಲುಭಾಗದಿಂದ ಶುರು ಮಾಡಿ.